ನನಗೆ ತುಂಬದ ಉಡಿ

ಕಲಬುರಗಿಯ ಟಾಕೀಸಿನಲ್ಲಿ ಒಂದು ಸಿನಿಮಾ ನೋಡುವಾಗ ನನ್ನ ಗಂಡ ಕಿವಿಯ ಹತ್ತಿರ ಬಾಗಿ, "ಥೇಟ್ ನಿನ್ನಂಗೇ ಅದಾಳ ನೋಡು" ಎಂದು ನಕ್ಕರು. ಪರದೆಯ ಮೇಲಿನ ಹೆಂಡತಿ, ಗಂಡನಿಗೆ ಇನ್ನೊಬ್ಬಳಿದ್ದಾಳೆ ಎಂಬ ಅನುಮಾನದಲ್ಲಿ, ತಾನು ಕಂಡದ್ದು ನಿಜವೋ ಭ್ರಮೆಯೋ ತಿಳಿಯದೆ ಒದ್ದಾಡುತ್ತಿದ್ದಳು. ಒಂದೇ ಸಂಗತಿಯನ್ನು ಸಲಕ್ಕೊಂದು ಥರ ಹೇಳುತ್ತಿದ್ದಳು.

ನಗಲು ಅವರಿಗೆ ಕಾರಣವಿತ್ತು. ನಮ್ಮವರದು ಕೆಂಪು ಬಾಳೆಯ ವ್ಯಾಪಾರ. ಕಮಲಾಪುರದ ತೋಟಗಳಿಂದ ಹಣ್ಣು ತಂದು ಇಲ್ಲಿ ಮಾರುತ್ತಾರೆ. ಹಿಂದಿನ ವರ್ಷ ಅಲ್ಲಿಯ ತೋಟದವರು ಮನೆಗೇ ಬಂದು ತೊಟ್ಟಿಲ ಕಾರ್ಯಕ್ಕೆ ಕರೆದಿದ್ದರಿಂದ ನನ್ನನ್ನೂ ಕರೆದೊಯ್ಯಬೇಕಾಯಿತು. ಆ ಮನೆಯ ಹಿರಿಯಜ್ಜಿ ಆಯಿಗೆ ಆಗ ಕಣ್ಣು ಮಂಜು. ನನ್ನ ಕೈ ಹಿಡಿದು, "ಹ್ವಾದ ಸಲ ಉಡಿ ತುಂಬಿದಾಗ ಕೊಟ್ಟ ಖಣ ಹೊಲಿಸಿಕೊಂಡಿ ಇಲ್ಲೊ, ತಂಗಿ?" ಎಂದು ಕೇಳಿದಳು.

"ನಾ ಈ ಮನಿಗಿ ಬಂದಿದ್ದೇ ಇವತ್ತ, ಆಯಿ" ಎಂದೆ.

"ಬಂದಿದ್ದಿ" ಎಂದರು ನಮ್ಮವರು, ಸಲೀಸಾಗಿ. "ಗುಳಿಗಿ ನುಂಗಿ ಮಬ್ಬಿನ್ಯಾಗ ಇದ್ದಿ. ನಿನಗ ನೆನಪಿಲ್ಲ."

ಗುಳಿಗೆಯ ಮಾತು ನಿಜ. ಬಸಿರು ನಿಲ್ಲದೆ ಹೋದ ಮೇಲೆ ನಿದ್ದೆ ಗುಳಿಗೆ ನುಂಗುತ್ತಿದ್ದೆ. ಒಲೆಯ ಮೇಲಿಟ್ಟ ಹಾಲು, ತವರಿನವರ ಫೋನು, ಎಲ್ಲ ಮರೆಯುತ್ತಿದ್ದೆ. ಹಾಗಾಗಿ ಗಂಡನನ್ನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಇಲ್ಲದ ನೆನಪನ್ನು ಚಂದವಾಗಿ ಕಟ್ಟಿಕೊಂಡೆ. ಪಕ್ಕದ ಮನೆಯವಳಿಗೆ ಆ ಖಣದ ಬಣ್ಣ, ಅಂಚು ಕೂಡ ವರ್ಣಿಸಿ ಹೇಳಿದೆ. ಎಂಥ ದಡ್ಡಿ ನಾನು.

ಟಾಕೀಸಿನಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ಉಡಿ ತುಂಬಿಸಿಕೊಂಡವಳು ಅಕ್ಕಿ, ಕೊಬ್ಬರಿ, ಖಣವನ್ನು ಸೆರಗಿನಲ್ಲೇ ಕಟ್ಟಿಕೊಂಡು ಬಂದು ಮನೆಯ ದೇವರ ಮುಂದೆ ಬಿಚ್ಚಬೇಕು. ಬೈಕಿನ ಹಿಂದೆ ಕೂತರೆ ದಾರಿಯುದ್ದಕ್ಕೂ ಒಂದು ಕೈ ಅದರ ಮೇಲೇ ಇರಬೇಕು. ನಾನು ಕಟ್ಟಿಕೊಂಡ ನೆನಪಿನಲ್ಲಿ ಆಯಿಯ ಪಡಸಾಲೆ ಇತ್ತು, ಚಹಾ ಇತ್ತು, ಮಡಿಲಲ್ಲಿ ಆ ಭಾರ ಮಾತ್ರ ಇರಲಿಲ್ಲ. ದೇವರ ಮುಂದೆ ಉಡಿ ಬಿಚ್ಚಿದ್ದೂ ಇರಲಿಲ್ಲ.

ಮರುದಿನ ಅವರಿಗೆ ಹೇಳದೆ ಕಮಲಾಪುರದ ಬಸ್ಸು ಹತ್ತಿದೆ. ಆಯಿ ಅಂದು ಕೇಳಿದ್ದು ಬರೀ ಮರೆವಿನ ಮಾತಾಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಆಯಿ ಕಣ್ಣಿನ ಪೊರೆ ತೆಗೆಸಿಕೊಂಡು ಪಡಸಾಲೆಯಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ದನಿಯಿಂದ ನನ್ನ ಗುರುತು ಹಿಡಿದಳು; ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ.

"ತೊಟ್ಟಿಲ ಕಾರ್ಯಕ್ಕಿಂತ ಮೊದಲ ಖಣ ಕೊಟ್ಟು ಉಡಿ ತುಂಬಿದ್ದು ನನಗೇ ಏನು, ಆಯಿ?"

"ನಿನಗಲ್ಲವಾ. ಆಕಿ ನಿನಗಿಂತ ಎತ್ತರ ಇದ್ದಳು. ನಿನ್ನ ಗಂಡನೇ ನನ್ನ ಮನಿಯಾಕಿ ಅಂದ. ಮುತ್ತೈದಿನ್ನ ಬರೀ ಉಡಿಲೆ ಹೆಂಗ ಕಳಸಬೇಕು ಅಂತ..." ಅಷ್ಟು ಹೇಳಿ ನನ್ನ ಮುಖ ನೋಡಿದಳು. ಮೊರದ ಮೇಲಿನ ಕೈ ನಿಂತಿತು. "ಇಲ್ಲ ಬಿಡು ತಂಗಿ. ವಯಸ್ಸಾಗ್ಯಾದ, ನಂದೇ ಮರವು. ನೀನೇ ಬಂದಿದ್ದಿ" ಎಂದಳು.

ನನ್ನ ಸಂಸಾರ ಉಳಿಯಲಿ ಎಂದು ಆ ಮುದುಕಿ ತನ್ನ ನೆನಪನ್ನೇ ಸುಳ್ಳು ಮಾಡಿಕೊಂಡಳು. ಗಂಡನ ಸುಳ್ಳನ್ನು ನಂಬಿದವಳಿಗೆ ಇದನ್ನೂ ನಂಬುವುದು ಕಷ್ಟವಾಗಬಾರದಿತ್ತು. ಆದರೆ ನಂಬಲು ಆಗಲಿಲ್ಲ. ನನ್ನ ತಲೆ ನೆಟ್ಟಗಿದೆ ಎಂದು ತಿಳಿದ ಆ ದಿನ, ಅದು ಕೆಟ್ಟಿದ್ದರೇ ಚೆನ್ನಾಗಿತ್ತು ಎಂದು ಆಯಿಯ ಕೈ ಹಿಡಿದುಕೊಂಡು ಅತ್ತೆ.