ರಿಪೋರ್ಟಿನಲ್ಲಿ ಇಲ್ಲದ ಹೆಸರು

ಮದುವೆಯಾದಾಗ ನನಗೆ ಮೂವತ್ತೊಂಬತ್ತು. ನಾಗರಬಾವಿಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದೆ, ಈಗಲೂ ಅಲ್ಲೇ ಇದ್ದೇನೆ. ನನ್ನ ಗಂಡನಿಗೆ ನಲವತ್ತೇಳು, ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಅವರಿಗೆ ಇದು ಎರಡನೆಯ ಮದುವೆ. ಮೊದಲ ಹೆಂಡತಿ ನಾಲ್ಕು ವರ್ಷದ ಹಿಂದೆ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ.

ಬಸವೇಶ್ವರನಗರದ ಅವರ ಮನೆಗೆ ಕಾಲಿಟ್ಟ ವಾರದಲ್ಲೇ ಅಡುಗೆಮನೆಯಲ್ಲಿ ಅವಳ ಹೆಸರಿಲ್ಲದ ಪಾತ್ರೆ ಒಂದೂ ಇಲ್ಲ ಎನ್ನುವುದು ನನಗೆ ಗೊತ್ತಾಯಿತು. ತಟ್ಟೆ, ಲೋಟ, ಸಾರಿನ ಸೌಟು, ಇಡ್ಲಿ ಪಾತ್ರೆಯ ಮುಚ್ಚಳ, ಎಲ್ಲದರ ಮೇಲೂ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರು. ಅವಳ ತವರಿನಿಂದ ಬಂದವಂತೆ. ನಾನು ದಿನಾ ಆ ಹೆಸರಿನ ಮೇಲೆ ಅನ್ನ ಬಡಿಸಿಕೊಂಡು ಊಟ ಮಾಡುತ್ತಿದ್ದೆ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಸಣ್ಣತನ ಎಂದು ಗೊತ್ತಿತ್ತು. ಗೊತ್ತಿದ್ದೂ ಪಡುತ್ತಿದ್ದೆ. ಅವರು ಹುಳಿ ಉಂಡು "ಚೆನ್ನಾಗಿದೆ" ಅಂದರೆ, ಯಾರದಕ್ಕಿಂತ ಎಂದು ಮನಸ್ಸು ಕೇಳುತ್ತಿತ್ತು.

ಮದುವೆಯಾದ ಎಂಟನೆಯ ತಿಂಗಳು ನನಗೆ ಜ್ವರ ಬಂತು. ಎರಡನೆಯ ದಿನಕ್ಕೆ ಮೂತ್ರ ಮಾಡುವಾಗ ಕಣ್ಣಲ್ಲಿ ನೀರು ಬರುವಷ್ಟು ಉರಿ, ಆ ಜಾಗದಲ್ಲಿ ಸಣ್ಣ ಗುಳ್ಳೆಗಳು, ಒಡೆದು ಹುಣ್ಣಾದವು. ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ನನ್ನ ಮುಖ ನೋಡದೆ ಚೀಟಿ ಬರೆದರು. "ಹರ್ಪಿಸ್ ಇರಬಹುದು, ದೇಹಸಂಪರ್ಕದಿಂದ ಅಂಟೋ ವೈರಸ್. ಬ್ಲಡ್ ಟೆಸ್ಟ್ ಮಾಡ್ಸಿ, ಹಸ್ಬೆಂಡ್‌ಗೂ ಮಾಡ್ಸಿ." ಪಕ್ಕದ ಲ್ಯಾಬಿನಲ್ಲಿ ಇಬ್ಬರೂ ರಕ್ತ ಕೊಟ್ಟೆವು. ಸಂಜೆ ರಿಪೋರ್ಟು ಬಂತು. ಐಜಿಎಂ ಎಂದು ಬರೆದಿದ್ದ ಆ ಟೆಸ್ಟಿನಲ್ಲಿ ನನ್ನದು ಪಾಸಿಟಿವ್, ಅವರದು ನೆಗೆಟಿವ್.

ಅವರು ಎರಡೂ ಹಾಳೆಗಳನ್ನು ಡೈನಿಂಗ್ ಟೇಬಲ್ಲಿನ ಮೇಲೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು.

"ನಿನಗೆ ಮುಂಚೆ ಯಾರಾದ್ರೂ ಪರಿಚಯ ಇದ್ರಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಮೂವತ್ತೊಂಬತ್ತು ವರ್ಷ ಒಬ್ಬಳೇ ಇದ್ದವಳು ನಾನು. ಹೆಣ್ಣು ನೋಡಲು ಬಂದವರೆದುರು ಕೂತೂ ಕೂತೂ ಸಾಕಾಗಿ, ಅತ್ತಿಗುಪ್ಪೆಯಲ್ಲಿ ಅಣ್ಣನ ಮನೆಯ ಒಂದು ಕೋಣೆಯಲ್ಲಿ ವಯಸ್ಸು ಕಳೆದವಳು.

"ಯಾರೂ ಇರ್ಲಿಲ್ಲ," ಅಂದೆ. "ನೀವು ನಂಬೋದು ಬಿಡೋದು ನಿಮಗೆ ಸೇರಿದ್ದು."

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆ ವಾರ ಅವರು ಹಾಲ್‌ನಲ್ಲಿ ಮಲಗಿದರು, ನನ್ನ ಜ್ವರದ ನೆಪ ಹೇಳಿ.

ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿ ವಿಜಯನಗರದ ಒಬ್ಬ ಚರ್ಮರೋಗದ ಡಾಕ್ಟರ ಹತ್ತಿರ ಹೋದೆ. ಅವರು ಹೆಂಗಸು, ನನ್ನದೇ ವಯಸ್ಸು. ಹಳೆಯ ರಿಪೋರ್ಟನ್ನು ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟರು.

"ಈ ಐಜಿಎಂ ಟೆಸ್ಟ್ ನಾನು ಯಾರಿಗೂ ಬರೆಯಲ್ಲ. ಇಲ್ದೇ ಇರೋರಿಗೆ ಇದೆ ಅನ್ನುತ್ತೆ, ಇರೋರಿಗೆ ಇಲ್ಲ ಅನ್ನುತ್ತೆ. ಇದನ್ನ ಇಟ್ಕೊಂಡು ಮನೇಲಿ ಜಗಳ ಆಡ್ಬೇಡಿ."

"ಆಡಿ ಆಯ್ತು," ಅಂದೆ.

ಅವರು ಹುಣ್ಣಿನಿಂದಲೇ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು ಕಳಿಸಿದರು. ಇಬ್ಬರಿಗೂ ಐಜಿಜಿ ಎಂಬ ಬೇರೆ ರಕ್ತಪರೀಕ್ಷೆ ಬರೆದರು. ನಾಲ್ಕು ದಿನ ಬಿಟ್ಟು ಇಬ್ಬರೂ ಒಟ್ಟಿಗೆ ಅವರೆದುರು ಕೂತೆವು. ಈ ಸಲ ಎಲ್ಲ ತಿರುಗುಮುರುಗು. ನನ್ನ ರಕ್ತ ನೆಗೆಟಿವ್. ನನ್ನ ಗಂಡನದು ಎರಡನೇ ಬಗೆಯ ಹರ್ಪಿಸ್‌ಗೆ ಪಾಸಿಟಿವ್, ಅನುಮಾನಕ್ಕೆ ಎಡೆಯಿಲ್ಲದಷ್ಟು ದೊಡ್ಡ ಸಂಖ್ಯೆ. ನನ್ನ ಹುಣ್ಣಿನಲ್ಲಿ ಸಿಕ್ಕಿದ್ದೂ ಅದೇ ಎರಡನೇ ಬಗೆ.

"ಹಾಗಾದ್ರೆ ನನಗೆ ಇದೆಯೋ ಇಲ್ವೋ?"

"ಇದೆ. ಹುಣ್ಣಲ್ಲೇ ವೈರಸ್ ಸಿಕ್ಕಿದೆಯಲ್ಲ. ರಕ್ತದಲ್ಲಿ ಅದರ ಗುರುತು ಮೂಡೋಕೆ ಕೆಲವು ವಾರ ಬೇಕು, ಕೆಲವರಿಗೆ ಮೂರು ತಿಂಗಳೇ ಆಗುತ್ತೆ. ನಿಮಗೆ ಬಂದು ಸ್ವಲ್ಪ ದಿನ ಆಗಿದೆ ಅಷ್ಟೆ. ಇವರಿಗೆ ಹಳೇದು."

"ನನಗೆ ಒಂದು ಗುಳ್ಳೇನೂ ಆಗಿಲ್ಲ ಮೇಡಂ," ಅಂದರು ನನ್ನ ಗಂಡ.

"ತುಂಬ ಜನಕ್ಕೆ ಆಗೋದೇ ಇಲ್ಲ ಸಾರ್. ಆದ್ರೂ ಗೊತ್ತಾಗದಷ್ಟು ಚಿಕ್ಕದಾಗಿ ಆಗಿ ಹೋಗಿರುತ್ತೆ. ತಮಗಿದೆ ಅಂತ ಗೊತ್ತಿಲ್ದೇನೇ ಇನ್ನೊಬ್ಬರಿಗೆ ಕೊಟ್ಟಿರ್ತಾರೆ."

"ಹಳೇದು ಅಂದ್ರೆ ಎಷ್ಟು ಹಳೇದು?" ಎಂದು ನಾನು ಕೇಳಿದೆ.

"ಆರು ತಿಂಗಳೂ ಇರಬಹುದು, ಇಪ್ಪತ್ತು ವರ್ಷವೂ ಇರಬಹುದು. ರಕ್ತ ನೋಡಿ ಹೇಳೋಕಾಗಲ್ಲ."

"ಯಾರಿಂದ ಅಂತ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದಕ್ಕೆ ಯಾವ ಲ್ಯಾಬಲ್ಲೂ ಟೆಸ್ಟ್ ಇಲ್ಲಮ್ಮ."

ಮಾತ್ರೆ ಬರೆದರು, ವೈರಸ್ ಮೈಯಲ್ಲೇ ಉಳಿಯುತ್ತದೆ, ಆದರೆ ಬರುಬರುತ್ತಾ ಹುಣ್ಣು ಕಡಿಮೆಯಾಗುತ್ತದೆ ಅಂದರು, ಮೂರು ತಿಂಗಳು ಬಿಟ್ಟು ನನ್ನ ರಕ್ತ ಮತ್ತೆ ನೋಡೋಣ ಅಂದರು. ಯಾವುದೂ ಸರಿಯಾಗಿ ಕಿವಿಗೆ ಬೀಳಲಿಲ್ಲ. ಆರು ತಿಂಗಳು ಎಂಬ ಮಾತು ಮಾತ್ರ ತಲೆಯಲ್ಲಿ ಕೂತಿತ್ತು; ನಮ್ಮ ಮದುವೆಯಾಗಿ ಎಂಟು ತಿಂಗಳಾಗಿತ್ತು.

ಮುಂದಿನ ದಿನಗಳಲ್ಲಿ ನಾನು ಏನೇನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಅವರು ಸ್ನಾನಕ್ಕೆ ಹೋದಾಗ ಫೋನ್ ತೆರೆದು ನೋಡಿದೆ. ವರ್ಕ್‌ಶಾಪಿನ ಗ್ರೂಪು, ಹಾಲಿನವನ ಲೆಕ್ಕ, ಅವರ ತಂಗಿ ಕಳಿಸಿದ ಶುಭೋದಯದ ಹೂವುಗಳು. ಬೇರೇನೂ ಇಲ್ಲ. ಈಗಿನವಳು ಯಾರೂ ಇಲ್ಲ ಎಂದಾದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನನ್ನ ಕಣ್ಣು ಗೋಡೆಯ ಮೇಲಿದ್ದ ಮೊದಲ ಹೆಂಡತಿಯ ಫೋಟೋದ ಕಡೆಗೆ ತಿರುಗಿತು.

ಒಂದು ದಿನ ರಜೆ ಹಾಕಿ ಬೀರುವಿನ ಮೇಲಿದ್ದ ಸೂಟ್‌ಕೇಸ್ ಇಳಿಸಿದೆ. ಅದರಲ್ಲಿ ಅವಳ ಆಸ್ಪತ್ರೆಯ ಫೈಲುಗಳಿದ್ದವು. ಹರ್ಪಿಸ್ ಎಂಬ ಪದ ಹುಡುಕುತ್ತಾ ಒಂದೊಂದೇ ಹಾಳೆ ತಿರುವಿದೆ. ಆ ಪದ ಎಲ್ಲಿಯೂ ಇರಲಿಲ್ಲ. ಕೊನೆಯ ಒಂಬತ್ತು ದಿನದ ಚೀಟಿಗಳ ಬೆನ್ನಿಗೆಲ್ಲ ನನ್ನ ಗಂಡನ ಅಕ್ಷರವಿತ್ತು. ಆರು ಗಂಟೆಗೆ ಎರಡು ಚಮಚ ಗಂಜಿ. ಎಂಟಕ್ಕೆ ಕಣ್ಣು ಬಿಟ್ಟಳು. ಎಂಟೂ ಹತ್ತಕ್ಕೆ ಕೈ ಹಿಡಿದಳು. ಕಾಯಿಲೆಯ ಹೆಸರು ಸಿಕ್ಕಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ನಾನು ಸೂಟ್‌ಕೇಸ್ ಮುಚ್ಚಿ ಅದರ ಮೇಲೆ ಕೂತು ಅತ್ತೆ, ಅವಳಿಗಾಗಿ ಅಲ್ಲ.

ಆ ಭಾನುವಾರ ಬೆಳಿಗ್ಗೆ ಅವರು ಹುರುಳಿಕಾಯಿ ಮುರಿಯುತ್ತಾ ಕೂತಿದ್ದರು. ನಾನು ನೇರವಾಗಿ ಹೇಳಿಬಿಟ್ಟೆ.

"ಇದು ನಿಮಗೆ ಅವರಿಂದಲೇ ಬಂದಿದ್ದು."

ಅವರ ಕೈ ನಿಂತಿತು. "ಅವಳನ್ನ ಎಳೀಬೇಡ."

"ಯಾಕೆ? ನನ್ನನ್ನ ಕೇಳಿದ್ರಲ್ಲ, ಮುಂಚೆ ಯಾರಾದ್ರೂ ಇದ್ರಾ ಅಂತ. ಅವರ ವಿಷಯ ಕೇಳಬಾರದಾ?"

"ತಪ್ಪು ನಂದು. ಮದುವೆಗೆ ಮುಂಚೆ, ಇಪ್ಪತ್ತಾರು ವರ್ಷ ಆಗ. ಹೊಸ ಮಿಷಿನ್ ಟ್ರೈನಿಂಗ್‌ಗೆ ಕೊಯಮತ್ತೂರಿಗೆ ಕಳಿಸಿದ್ರು. ಜೊತೆಯವರು ಒಂದು ಮನೆಗೆ ಕರ್ಕೊಂಡು ಹೋದ್ರು. ಒಂದೇ ಸಲ. ಇನ್ನೇನೂ ಕೇಳ್ಬೇಡ."

ಅವರು ನನ್ನ ಮುಖ ನೋಡದೆ ಇದನ್ನು ಹೇಳಿ, ಮುರಿದ ಕಾಯಿಗಳನ್ನೇ ಮತ್ತೆ ಮುರಿದರು. ನಾನು ಒಂದಕ್ಷರ ನಂಬಲಿಲ್ಲ. ಅವಳ ಮೇಲೆ ಮಾತು ಬರಬಾರದೆಂದು ತಮ್ಮ ಮೈಗೆ ತಾವೇ ಕೆಸರು ಬಳಿದುಕೊಂಡರು ಎಂದೇ ತಿಳಿದೆ. ನನ್ನನ್ನು ಎರಡು ಹಾಳೆ ನೋಡಿ ಅನುಮಾನಿಸಿದ ಮನುಷ್ಯ, ಸತ್ತವಳಿಗಾಗಿ ಸುಳ್ಳು ಹೇಳಿ ಕೆಟ್ಟವನಾಗಲು ಸಿದ್ಧನಿದ್ದ. ನನಗಾಗಿ ಅವರು ಎಂದಾದರೂ ಹಾಗೊಂದು ಸುಳ್ಳು ಹೇಳಿಯಾರೇ ಎಂದು ಬಸ್ಸಿನಲ್ಲಿ, ಲೈಬ್ರರಿಯ ಕೌಂಟರಿನಲ್ಲಿ ಕೂತು ಯೋಚಿಸುತ್ತಿದ್ದೆ. ಪುಸ್ತಕಕ್ಕೆ ಹಾಕುವ ಮುದ್ರೆಯ ತಾರೀಖು ಎರಡು ದಿನ ತಪ್ಪಾಗಿ ಹಾಕಿದ್ದೆ.

ಮುಂದಿನ ತಿಂಗಳು ಕೆಂಗೇರಿಯಲ್ಲಿ ಅವಳ ತಾಯಿಯ ಮನೆಯಲ್ಲಿ ಅವಳ ವರ್ಷದ ತಿಥಿ. ಬರಬೇಕಾಗಿಲ್ಲ ಎಂದು ಅವರು ಅಂದರೂ ನಾನು ಹೊರಟೆ. ಅವಳಿಗೂ ಹೀಗೆ ಆಗಿತ್ತೇ ಎಂದು ಕೇಳಬೇಕೆಂದೇ ಹೊರಟೆ. ಆ ದಿನಕ್ಕೆ ಸರಿಯಾಗಿ ನನಗೆ ಎರಡನೆಯ ಸಲ ಗುಳ್ಳೆ ಎದ್ದಿತ್ತು. ಊಟವಾದ ಮೇಲೆ ಗಂಡಸರು ಹೊರಗೆ ಜಗಲಿಯಲ್ಲಿದ್ದರು. ಅಡುಗೆಮನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಆ ಮುದುಕಿ ನನ್ನನ್ನೇ ನೋಡುತ್ತಿದ್ದರು.

"ಯಾಕಮ್ಮ, ಹಂಗೆ ಒಂದು ಪಕ್ಕಕ್ಕೆ ಕೂತಿದೀಯ?"

"ಗುಳ್ಳೆ ಎದ್ದಿದೆ ಅಮ್ಮ. ಹೇಳೋ ಅಂಥ ಜಾಗ ಅಲ್ಲ."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಮ್ಮ ಹುಡುಗಿಗೂ ಹಿಂಗೇ ಆಗೋದು ಕಣಮ್ಮ. ಮದುವೆ ಆಗಿ ನಾಕು ತಿಂಗಳಿಗೆ ಶುರುವಾಯ್ತು, ಜ್ವರ ಬಂದು. ಸರ್ಪಸುತ್ತು ಅಂತ ನಾನೇ ಕೆಮ್ಮಣ್ಣು ಕಲಸಿ ಹಚ್ತಿದ್ದೆ. ಹರಕೆನೂ ಕಟ್ಕೊಂಡಿದ್ದೆ. ವರ್ಷಕ್ಕೆ ಎರಡು ಮೂರು ಸಲ ಬರೋದು, ಆಗೆಲ್ಲ ಏನೋ ನೆಪ ಹೇಳ್ಕೊಂಡು ಇಲ್ಲಿಗೆ ಬಂದ್‌ಬಿಡೋಳು."

"ಡಾಕ್ಟರಿಗೆ ತೋರಿಸ್ಲಿಲ್ವಾ?"

"ಯಾರಿಗೂ ಬೇಡ ಅಂದ್ಲು. ಅವರಿಗೆ ಹೇಳ್ಬೇಡ, ಅಸಹ್ಯ ಪಟ್ಕೋತಾರೆ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು. ಹದಿನೈದು ವರ್ಷ ಅವನಿಗೆ ಗೊತ್ತಾಗದ ಹಾಗೆ ನೋಡ್ಕೊಂಡ್ಲು."

ಕೇಳಬೇಕೆಂದು ಬಂದದ್ದು ಕೇಳದೆಯೇ ಸಿಕ್ಕಿತು. ಇದರಿಂದ ಯಾವುದೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು, ಡಾಕ್ಟರೂ ಹಾಗೇ ಹೇಳಿಯಾರು. ಆದರೆ ಮದುವೆಯಾದ ಕೆಲವೇ ತಿಂಗಳಿಗೆ ಜ್ವರ, ಆಮೇಲೆ ಹುಣ್ಣು. ನನಗಾದ ಹಾಗೆಯೇ ಅವಳಿಗೂ ಅವರಿಂದಲೇ ಬಂದಿರಬೇಕು. ಕೊಯಮತ್ತೂರಿನ ಮಾತು ಸುಳ್ಳಲ್ಲ ಎಂದು ಆ ಅಡುಗೆಮನೆಯಲ್ಲಿ ನನಗೆ ನಂಬಿಕೆ ಬಂತು.

ವಾಪಸ್ಸು ಮೆಟ್ರೋದಲ್ಲಿ ಬಂದೆವು. ಹೇಳಬಾರದು ಎಂದುಕೊಂಡಿದ್ದೆ. ಅತ್ತಿಗುಪ್ಪೆಯಲ್ಲಿ ಅಣ್ಣನ ಮನೆಗೆ ಹೋಗಲು ಇಳಿದಾಗ ಅವರನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಯಾಕೆ ಹೇಳಿದೆ ಎಂದು ಪ್ರಾಮಾಣಿಕವಾಗಿ ಬರೆಯುವುದಾದರೆ, ಅವಳು ಅವರಿಂದ ಒಂದು ವಿಷಯ ಮುಚ್ಚಿಟ್ಟಿದ್ದಳು ಎಂದು ಅವರಿಗೆ ಗೊತ್ತಾಗಲಿ ಎಂಬ ಆಸೆಯೂ ಇತ್ತು.

ಅವರು ಕೇಳಿಸಿಕೊಂಡು ಹಳಿಯ ಕಡೆ ನೋಡಿದರು. ಆಮೇಲೆ ಕೇಳಿದರು. "ತುಂಬ ನೋವಾಗ್ತಿತ್ತಾ ಅವಳಿಗೆ?"

ಆಗಲೂ ನನ್ನೊಳಗೆ ಒಂದು ಉರಿ ಎದ್ದಿತು. ನನ್ನನ್ನು ಈ ಪ್ರಶ್ನೆ ಅವರು ಒಮ್ಮೆಯೂ ಕೇಳಿರಲಿಲ್ಲ.

"ನನಗೆ ಈಗ ಆಗ್ತಿದೆಯಲ್ಲ, ಹಂಗೇ ಆಗ್ತಿತ್ತು," ಅಂದೆ.

ಅವರು ನನ್ನ ಕಡೆ ತಿರುಗಿದರು. ಆ ಎರಡು ತಿಂಗಳಲ್ಲಿ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದ ಹಾಗಿತ್ತು. "ಈಗಲೂ ಇದೆಯಾ? ಮತ್ತೆ ಬೆಳಿಗ್ಗೆಯಿಂದ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಅಣ್ಣನ ಮನೆಗೆ ಹೋಗಲಿಲ್ಲ. ಕೆಳಗಿಳಿದು ಆಟೋ ಹಿಡಿದು ಸೀದಾ ವಿಜಯನಗರದ ಡಾಕ್ಟರ ಹತ್ತಿರ ಹೋದೆವು. ದಾರಿಯಲ್ಲಿ ಅವರು, ಆ ಮೊದಲ ದಿನ ನಾನು ನಿನ್ನನ್ನ ಹಾಗೆ ಕೇಳಬಾರದಿತ್ತು, ಅಂದರು. ನಾನು ಹೌದು ಅಂದೆ. ಪರವಾಗಿಲ್ಲ ಅನ್ನಲಿಲ್ಲ. ಇಬ್ಬರಿಗೂ ಮಾತ್ರೆ ಶುರುವಾಯಿತು, ನನಗೆ ಹುಣ್ಣು ಮರುಕಳಿಸದಿರಲಿ ಎಂದು, ಅವರಿಗೆ ಡಾಕ್ಟರು ಬೇಡವೆಂದರೂ ತಾವೇ ಹಟ ಹಿಡಿದು ಒಂದು ತಿಂಗಳು. ನೀನೊಬ್ಬಳೇ ಯಾಕೆ ನುಂಗಬೇಕು ಅಂದರು.

ಮೂರು ತಿಂಗಳಿಗೆ ನನ್ನ ರಕ್ತದ ಪರೀಕ್ಷೆ ಮತ್ತೆ ಆಯಿತು. ಈ ಸಲ ನನ್ನದೂ ಪಾಸಿಟಿವ್. ಇಬ್ಬರ ಹಾಳೆಯಲ್ಲೂ ಒಂದೇ ಪದ. ಅದನ್ನು ನೋಡಿ ನನಗೆ ದುಃಖವಾಗಬೇಕಿತ್ತು, ವಿಚಿತ್ರವೆಂದರೆ ಒಂದು ಬಗೆಯ ನಿರಾಳವಾಯಿತು. ಅದೇ ಸಂಜೆ, ಇದರಲ್ಲೂ ನಾನು ಎರಡನೆಯವಳೇ ಎಂಬ ಯೋಚನೆಯೂ ಬಂತು. ಅದನ್ನು ಅವರಿಗೆ ಹೇಳಿದೆ. ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಅವಳಿಗೆ ಹೇಳೋಕೆ ಆಗ್ಲಿಲ್ಲ. ನೀನು ಹೇಳ್ತೀಯ," ಅಂದರು.

ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಕಡಿಮೆಯಾಗಿದೆ. ಕೆಲವು ದಿನ, ಕೆಮ್ಮಣ್ಣು ಹಚ್ಚಿಸಿಕೊಂಡು ಕೆಂಗೇರಿಯ ಆ ಮನೆಯಲ್ಲಿ ಬೋರಲು ಮಲಗಿದ್ದ, ಇಪ್ಪತ್ತು ಚಿಲ್ಲರೆ ವಯಸ್ಸಿನ ಒಬ್ಬ ಹುಡುಗಿ ಕಣ್ಣಿಗೆ ಬರುತ್ತಾಳೆ. ಆಗ ಅವಳ ಮೇಲೆ ಸಿಟ್ಟು ಬರುವುದಿಲ್ಲ. ಈ ಸಲದ ತಿಥಿಗೂ ನಾವು ಕೆಂಗೇರಿಗೆ ಹೋಗುತ್ತಿದ್ದೇವೆ. ಆ ತಾಯಿಗೆ ಅದು ಸರ್ಪಸುತ್ತಲ್ಲ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ.