ಅಣವೀರಪ್ಪ ನೆಟ್ಟಗೆ ಮಾಡಿದ ಮನೆ

ಮುಂಬಯಿಯಲ್ಲಿ ಕಟ್ಟಡ ಕಟ್ಟುವವರು ಸಾವಿರಾರು ಜನ ಇದ್ದರು. ಅವನ್ನು ನೆಟ್ಟಗೆ ನಿಲ್ಲಿಸುವವನು ಮಾತ್ರ ಒಬ್ಬನೇ ಇದ್ದ, ಅವನ ಹೆಸರು ಅಣವೀರಪ್ಪ. ಹೀಗೆಂದು ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಅಣವೀರಪ್ಪನೇ. ಇಂಡಿ ತಾಲ್ಲೂಕಿನಿಂದ ಬಂದು ಫೋರ್ಟ್ ಭಾಗದ ಒಂದು ಫೋಟೋ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಹದಿನೆಂಟು ವರ್ಷ ಕೆಂಪು ದೀಪದ ಕೆಳಗೆ ನಿಂತವನು ಅಷ್ಟೂ ಹೇಳಿಕೊಳ್ಳಬಾರದೆಂದರೆ ಹೇಗೆ?

ಅವನ ಕೆಲಸ ಇಷ್ಟೇ. ಎತ್ತರದ ಕಟ್ಟಡದ ಮುಂದೆ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿ ಫೋಟೋ ಹೊಡೆದರೆ, ಗೋಡೆಗಳು ಮೇಲೆ ಹೋಗುತ್ತ ಹೋಗುತ್ತ ಒಂದರ ಕಡೆಗೊಂದು ವಾಲಿ, ಇಡೀ ಕಟ್ಟಡ ಹಿಂದಕ್ಕೆ ಬೀಳುತ್ತಿರುವ ಹಾಗೆ ಕಾಣುತ್ತದೆ. ಅಂಥ ಫೋಟೋವನ್ನು ಯಾವ ಬಿಲ್ಡರ್ ತಾನೇ ಗಿರಾಕಿಗಳ ಕೈಗೆ ಕೊಟ್ಟಾನು? ಆಗ ಅದು ಅಣವೀರಪ್ಪನ ಮೇಜಿಗೆ ಬರುತ್ತಿತ್ತು. ನೆಗೆಟಿವ್‌ಗೆ ಬೆಳಕು ಹಾಯಿಸಿ ಚಿತ್ರ ಹಿಗ್ಗಿಸುವ ಎನ್ಲಾರ್ಜರಿನ ಕೆಳಗೆ ಕಾಗದ ಇಡುವ ಹಲಗೆ ಇರುತ್ತದಲ್ಲ, ಅದರ ಒಂದು ತುದಿಗೆ ಮರದ ತುಂಡು ಕೊಟ್ಟು ಓರೆ ಮಾಡುತ್ತಿದ್ದ. ಕಟ್ಟಡದ ತಲೆ ಬೀಳುವ ಕಡೆ ಕಾಗದ ದೂರವಾಗಿ ತಲೆ ಅಗಲಗೊಳ್ಳುತ್ತಿತ್ತು, ಗೋಡೆಗಳು ಪೊಲೀಸ್ ಪರೇಡಿಗೆ ನಿಂತಂತೆ ನೆಟ್ಟಗಾಗುತ್ತಿದ್ದವು. ಬಾಲ್ಕನಿ ಕತ್ತಲಾಗಿದ್ದರೆ ಬೆಳಕಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಫೋಟೋದ ನ್ಯಾಯವೇ ತಿರುವುಮುರುವು, ಅಂಗೈಯ ನೆರಳು ಬಿದ್ದಲ್ಲಿ ಕಾಗದ ಬೆಳ್ಳಗಾಗುತ್ತದೆ. ಹೀಗೆ ಹುಟ್ಟಿದಾಗಿನಿಂದ ಸೂರ್ಯನ ಮುಖ ಕಾಣದ ಕೋಣೆಗಳಿಗೆಲ್ಲ ಬಿಸಿಲು ದಯಪಾಲಿಸಿದ ಪುಣ್ಯಾತ್ಮ ಅವನು.

ಡೊಂಕು ಕಂಡರೆ ಅವನಿಗೆ ಮೈಯೆಲ್ಲ ಉರಿ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರ್ ಸರಿಮಾಡಿ ಆಮೇಲೆ ಚಪ್ಪಲಿ ಬಿಡುತ್ತಿದ್ದ. ಫೋಟೋ ಹೊಡೆಯುವವರನ್ನಂತೂ ಮನುಷ್ಯರೆಂದೇ ಎಣಿಸುತ್ತಿರಲಿಲ್ಲ. ಅವರು ನೆಲ ಸಮ ಇರಲಿಲ್ಲ ಎಂದರೆ, "ಕುಣಿಯಲಾರದಾಕಿ ನೆಲ ಡೊಂಕ ಅಂದಳಂತ" ಎಂದು ಮುಖಕ್ಕೇ ಹೇಳುತ್ತಿದ್ದ.

ಅರವತ್ತೊಂಬತ್ತರ ಬೇಸಿಗೆಯಲ್ಲಿ ಕಾಂದಿವಲಿಯ ಒಂದು ಹೊಸ ಕಟ್ಟಡದ ನೆಗೆಟಿವ್ ಬಂತು. ಕೆಸರುಗದ್ದೆಗೆ ಮಣ್ಣು ತುಂಬಿ ಎಬ್ಬಿಸಿದ ನಾಲ್ಕು ಮಾಳಿಗೆ, ಇಪ್ಪತ್ತನಾಲ್ಕು ಮನೆ, ಇನ್ನೂ ಬಣ್ಣ ಕೂಡ ಆರಿರಲಿಲ್ಲ. ಅಣವೀರಪ್ಪ ಹಲಗೆ ಓರೆ ಮಾಡಿದ. ಗೋಡೆಗಳು ಕೂಡಿ ಬರುವುದು ನಿಂತಿತು, ಆದರೂ ಕಟ್ಟಡ ಬಲಕ್ಕೆ ವಾಲಿಯೇ ಇತ್ತು. "ಏ ತಮ್ಮಾ, ಕ್ಯಾಮೆರಾ ಹಿಡದಿದ್ಯೋ, ತಂಬಿಗಿ ಹಿಡದಿದ್ಯೋ?" ಎಂದು ಫೋಟೋ ಹೊಡೆದು ತಂದವನನ್ನು ಝಾಡಿಸಿ, ಕಾಗದವನ್ನೇ ಒಂಚೂರು ತಿರುಗಿಸಿದ. ಕಟ್ಟಡ ನೆಟ್ಟಗಾಯಿತು. ಆದರೆ ಪಕ್ಕದ ಕರೆಂಟಿನ ಕಂಬ ಹೋಗಿ ಕಟ್ಟಡಕ್ಕೆ ಒರಗಿತು, ಕುಡಿದು ಬಂದವನು ಬಾಗಿಲಿಗೆ ಒರಗಿದ ಹಾಗೆ. "ಒಂದ ಕಂಬ ನೆಡಾಕ ಬರಂಗಿಲ್ಲ ಈ ಮಕ್ಕಳಿಗೆ!" ಎಂದು ಕರೆಂಟಿನವರನ್ನೂ ಬೈದು, ಕುಂಚಕ್ಕೆ ಬೂದು ಬಣ್ಣ ತಗೊಂಡು ಕಂಬವನ್ನೇ ಅಳಿಸಿ ಹಾಕಿದ. ಕಂಬ ಯಾಕೆ ವಾಲಿತು ಎಂದು ಅರೆಗಳಿಗೆ ಯೋಚಿಸಿದ್ದರೆ? ಯೋಚಿಸುವುದಕ್ಕೆ ಸಂಬಳ ಯಾರು ಕೊಡುತ್ತಾರೆ!

ಬಿಲ್ಡರನ ಪುಸ್ತಿಕೆಯ ಮೊದಲ ಪುಟದಲ್ಲಿ ಆ ಫೋಟೋ ಅಚ್ಚಾಯಿತು. ಬಿಸಿಲು ಕುಡಿದ ಬಾಲ್ಕನಿಗಳು, ಗೆರೆ ಕೊರೆದಂಥ ಗೋಡೆಗಳು. ನೋಡಿ ನೋಡಿ ಮರುಳಾದವರಲ್ಲಿ ಮೊದಲಿಗ ಯಾರು ಅಂದುಕೊಂಡಿರಿ? ಅಣವೀರಪ್ಪ. ಊರಿನ ಹೊಲದ ತನ್ನ ಪಾಲನ್ನು ತಮ್ಮನಿಗೆ ಮಾರಿದ ದುಡ್ಡಿನಲ್ಲಿ ಮೂರನೇ ಮಾಳಿಗೆಯಲ್ಲಿ ಮನೆ ಹಿಡಿದ. ಹೆಂಡತಿ ರಾಚವ್ವ, "ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರೂಣಲ್ರಿ" ಎಂದಳು. "ನಾ ನೋಡದ್ದ ಒಂದ ಇಟ್ಟಂಗಿ ಇಲ್ಲ ಅದರಾಗ" ಎಂದು ಅವಳ ಬಾಯಿ ಮುಚ್ಚಿಸಿದ.

ಕಂತುಗಳೆಲ್ಲ ತೀರಿ ಎಪ್ಪತ್ತೊಂದರಲ್ಲಿ ಸಂಸಾರ ಒಳಗೆ ಬಂತು. ತನ್ನ ಅಂಗೈಯಿಂದಲೇ ಬೆಳಗಿದ ಬಾಲ್ಕನಿಯಲ್ಲಿ ಮಧ್ಯಾಹ್ನವೂ ದೀಪ ಹಾಕಿಕೊಂಡು ಪೇಪರ್ ಓದುವ ಭಾಗ್ಯ ಅಣವೀರಪ್ಪನದಾಯಿತು. ಬಾಗಿಲು ಮುಚ್ಚಿದರೆ ತಾನಾಗಿ ತೆರೆಯುತ್ತಿತ್ತು. ಸ್ಟೋವಿನ ಮೇಲಿಟ್ಟ ಹಾಲು ಯಾವಾಗಲೂ ಒಂದೇ ಕಡೆಯಿಂದ ಉಕ್ಕುತ್ತಿತ್ತು. ರಾಚವ್ವ ತೋರಿಸಿದರೆ, "ನಿನ್ನ ಪಾತೇಲಿ ಡೊಂಕ ಐತಿ" ಎನ್ನುತ್ತಿದ್ದ. ಕ್ಯಾಲೆಂಡರ್ ಒಂದೇ ನೆಟ್ಟಗೆ ತೂಗಿ ಗೋಡೆಗೆ ಹೊಂದದೆ ಹೋದಾಗ, ಮಹಾಶಯ ಕ್ಯಾಲೆಂಡರಿಗೆ ಕೆಳಗೊಂದು ಮೊಳೆ ಹೊಡೆದು ಗೋಡೆಗೆ ತಕ್ಕ ಹಾಗೆ ಓರೆ ಮಾಡಿದ. ಹೀಗೆ ಎರಡು ವರ್ಷ ನಡೆಯಿತು.

ಆಮೇಲೆ ಗೋಡೆಗಳು ಸೀಳತೊಡಗಿದವು, ಮೇಲಿನ ಮಾಳಿಗೆ ಒಂದು ಮೊಳ ಬಲಕ್ಕೆ ಹೋಗಿದೆಯೆಂದು ದಾರಿಹೋಕರೂ ನಿಂತು ಹೇಳತೊಡಗಿದರು. ಸೊಸಾಯಿಟಿಯ ಸೆಕ್ರೆಟರಿ ಧರ್ಮಣ್ಣ ಮುನ್ಸಿಪಾಲ್ಟಿಗೆ ಅರ್ಜಿ ಬರೆದ. ಅವನಿಗೆ ಧೈರ್ಯ ಕೊಟ್ಟು ಬರೆಸಿದವಳು ಕೆಳಗಿನ ಮನೆಯ ದಾನವ್ವ, ಮಿಲ್ಲಿನಲ್ಲಿ ದುಡಿದ ಗಂಡನನ್ನು ಕಳಕೊಂಡು, ಅವನು ಹಿಡಿದ ಮನೆಯಲ್ಲಿ ಮಕ್ಕಳೊಂದಿಗೆ ಇದ್ದ ಗಟ್ಟಿ ಹೆಂಗಸು. ಮಳೆಗಾಲಕ್ಕೆ ಮುಂಚೆ ಬಿಲ್ಡರ್ ಬುನಾದಿ ಭದ್ರ ಮಾಡಿಸಬೇಕು ಎಂದು ಸೊಸಾಯಿಟಿಯ ವಾದ. ಕಳ್ಳನಿಗೊಂದು ಪಿಳ್ಳೆ ನೆವ ಎಂಬಂತೆ ಬಿಲ್ಡರನದು ಬೇರೆಯೇ ಪುರಾಣ: ನಾನು ಕೊಟ್ಟಾಗ ನೆಟ್ಟಗಿತ್ತು, ಈ ಮಂದಿ ಬೀಸುಕಲ್ಲು, ಒರಳು, ನೀರಿನ ಡ್ರಮ್ಮು ಎಲ್ಲ ಒಂದೇ ಕಡೆ ಪೇರಿಸಿ ವಾಲಿಸಿದ್ದಾರೆ! ಅವನ ಮಾತು ಗೆದ್ದರೆ ಬುನಾದಿಯ ಹೊಣೆ ಇಪ್ಪತ್ತನಾಲ್ಕು ಸಂಸಾರಗಳದು, ಆಗದಿದ್ದರೆ ಮಳೆಗೆ ಮುಂಚೆ ಮನೆ ಖಾಲಿ ಮಾಡಬೇಕು.

ಎಪ್ಪತ್ತನಾಲ್ಕರ ಏಪ್ರಿಲಿನಲ್ಲಿ ಮುನ್ಸಿಪಾಲ್ಟಿಯ ದೊಡ್ಡ ಕಚೇರಿಯಲ್ಲಿ ವಿಚಾರಣೆ. ಬಿಲ್ಡರನ ವಕೀಲ ಸಾಕ್ಷಿಯೆಂದು ಆ ಪುಸ್ತಿಕೆಯನ್ನೇ ತೆಗೆದು ವಿಚಾರಣೆ ನಡೆಸುವ ಸಾಹೇಬನ ಮುಂದಿಟ್ಟ. ಕಟ್ಟಿ ಮುಗಿಸಿದ ದಿನದ ಫೋಟೋ, ಎಷ್ಟು ನೆಟ್ಟಗಿದೆ ನೋಡಿ ಎಂದ. ಸಾಹೇಬ ಸ್ಕೇಲ್ ಇಟ್ಟು ನೋಡಿದ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಇರುವುದಾದರೂ ಹೇಗೆ, ತಿದ್ದಿದ್ದು ಯಾರು!

"ಅಣವೀರಪ್ಪನವರ, ನೀವ ಫೋಟೋದ ಮಂದಿ. ಏನಾರ ಹೇಳ್ರಿ" ಎಂದು ಧರ್ಮಣ್ಣ ಮೊಣಕೈಯಿಂದ ತಿವಿದ.

ಅಣವೀರಪ್ಪ ಫೋಟೋ ನೋಡಿದ. ಕಂಬ ಇರಬೇಕಾದ ಜಾಗದಲ್ಲಿ ತಾನು ಬಳಿದ ಬೂದು ಆಕಾಶ ಕಂಡಿತು. ಆ ಕಂಬದ ಬುಡದಲ್ಲಿ ದಿನಾ ಬೆಳಿಗ್ಗೆ ಬಸ್ಸಿಗೆ ನಿಲ್ಲುತ್ತಿದ್ದವನು ಅವನೇ. ಅದು ನೂಲು ಹಿಡಿದಷ್ಟು ನೆಟ್ಟಗಿತ್ತು. ಹಾಗಾದರೆ ಅವತ್ತೂ ವಾಲಿದ್ದು ಕಂಬವಲ್ಲ.

"ಫೋಟೋ ಚಲೋ ಐತಿ" ಎಂದ.

ಸಾಹೇಬ ಎಂಟು ದಿನ ಮುಂದೆ ಹಾಕಿದ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಹೆಂಡತಿಯ ಮುಂದೆ ಎಲ್ಲವನ್ನೂ ಒದರಿದ. ರಾಚವ್ವ ಹಾಲಿನ ಪಾತೇಲಿ ಕೆಳಗಿಟ್ಟಳು.

"ಅಲ್ರೀ, ಅವತ್ತ ನಿಮ್ಮ ಕಣ್ಣಿಗೆ ಏನಾಗಿತ್ತು?"

"ಕಣ್ಣ ಚಲೋನ ಇದ್ವು. ವಾಲಿದ್ದು ಕಂಡಿತ್ತು. ಅದಕ್ಕ ತಿದ್ದಿದೆ."

"ಹಂಗಾದ್ರ ಈಗ ತಿದ್ದಿದ್ದು ಬಿಚ್ಚರಿ."

ಎಷ್ಟು ಸುಲಭ! ಹೆಂಗಸರಿಗೆ ಎಲ್ಲವೂ ರವಿಕೆಯ ಹೊಲಿಗೆ ಬಿಚ್ಚಿದಷ್ಟೇ ಸುಲಭ ಎಂದು ಅಣವೀರಪ್ಪ ಗೊಣಗಿದ. ಗೊಣಗುತ್ತಲೇ ಲೋಕಲ್ ರೈಲು ಹಿಡಿದ. ಸ್ಟುಡಿಯೋದಲ್ಲಿ ಹಳೆಯ ನೆಗೆಟಿವ್‌ಗಳೆಲ್ಲ ನಂಬರ್ ಹಾಕಿದ ಲಕೋಟೆಗಳಲ್ಲಿ ಇದ್ದವು. ಆ ಕಟ್ಟಡದ ಲಕೋಟೆ ಬೇಕೆಂದೂ, ಯಾಕೆ ಬೇಕೆಂದೂ ಮಾಲೀಕ ಸೇಠನಿಗೆ ನೇರವಾಗಿ ಹೇಳಿದ. ಆ ಬಿಲ್ಡರ್ ಸ್ಟುಡಿಯೋದ ಎಲ್ಲಕ್ಕಿಂತ ದೊಡ್ಡ ಗಿರಾಕಿ.

"ಕಿಸ್ಕಾ ನಮಕ್ ಖಾತಾ ಹೈ ತೂ?" ಯಾರ ಉಪ್ಪು ತಿನ್ನುತ್ತೀ ನೀನು ಎಂದ ಸೇಠ. ಆಮೇಲೆ ಲಕೋಟೆ ತೆಗೆದು ಮೇಜಿನ ಮೇಲೆ ಎಸೆದು, ಪ್ರಿಂಟ್ ತಗೊಂಡು ಹೋದವನು ತಿರುಗಿ ಈ ಮೆಟ್ಟಿಲು ಹತ್ತಬೇಡ ಎಂದ. ಹದಿನೆಂಟು ವರ್ಷದಲ್ಲಿ ಅವನು ಇಷ್ಟು ಖಡಾಖಡಿ ಮಾತಾಡಿದ್ದು ಇದೇ ಮೊದಲು.

ಅಣವೀರಪ್ಪ ಡಾರ್ಕ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಎನ್ಲಾರ್ಜರಿನ ತಂಟೆಗೆ ಹೋಗಲಿಲ್ಲ, ಹೋದರೆ ಕೈ ಸುಮ್ಮನಿರುತ್ತದೆಂಬ ಭರವಸೆ ಅವನಿಗೇ ಇರಲಿಲ್ಲ. ಕಾಗದದ ಮೇಲೆ ನೆಗೆಟಿವ್, ಅದರ ಮೇಲೆ ಗಾಜು ಇಟ್ಟು ಒತ್ತಿ ಒಮ್ಮೆ ದೀಪ ಹಾಕಿ ತೆಗೆದ. ಇದಕ್ಕೆ ಕಾಂಟ್ಯಾಕ್ಟ್ ಪ್ರಿಂಟ್ ಎನ್ನುತ್ತಾರೆ, ಹೊಸದಾಗಿ ಸೇರಿದವರು ಮೊದಲ ದಿನ ಕಲಿಯುವ ಕೆಲಸ. ತಟ್ಟೆಯ ಮದ್ದಿನ ನೀರಿನಲ್ಲಿ ಅಂಗೈಯಗಲದ ಚಿತ್ರ ಮೂಡಿತು. ಕತ್ತಲ ಬಾಲ್ಕನಿ, ನೆಟ್ಟಗಿನ ಕಂಬ, ಅದರ ಕಡೆಗೆ ವಾಲಿದ ಮನೆ. ಐದು ವರ್ಷದ ಹಿಂದೆ, ಒಂದು ಬೀಸುಕಲ್ಲೂ ಒಳಗೆ ಹೋಗದಿದ್ದಾಗ! ಅವನಿಗೆ ಅಳು ಬಂತು. ಒಂದಷ್ಟು ಅತ್ತ.

ಎರಡನೇ ವಿಚಾರಣೆಯಲ್ಲಿ ಆ ಚೂರು ಕಾಗದವನ್ನು ಪುಸ್ತಿಕೆಯ ಪಕ್ಕದಲ್ಲಿಟ್ಟ. ವಕೀಲ ನಕ್ಕ. ಈ ಮನುಷ್ಯ ತಾನು ಮಾಡಿದ್ದು ಸುಳ್ಳು ಎಂದು ತಾನೇ ಹೇಳುತ್ತಾನೆ, ಹಾಗಾದರೆ ಇವನ ಎರಡು ಸುಳ್ಳುಗಳಲ್ಲಿ ಯಾವುದನ್ನು ನಂಬೋಣ? ಕ್ಯಾಮೆರಾ ಓರೆಯಾಗಿ ಹಿಡಿದಿದ್ದರೆ?

"ಸಾಹೇಬ್ರ, ಕ್ಯಾಮೆರಾ ಓರೆ ಆಗಿದ್ರ ಕಂಬನೂ ಗೋಡಿನೂ ಎರಡೂ ಕೂಡೇ ಓರೆ ಆಗತಿದ್ವು" ಎಂದು ಅಣವೀರಪ್ಪ ಹರಕು ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದ. "ಕೆಳಗ ಕಂಬಕ್ಕೂ ಗೋಡಿಗೂ ನಡುವ ಎಷ್ಟ ಜಾಗಾ ಐತಿ ಅಳೀರಿ, ಮ್ಯಾಲ ಎಷ್ಟೈತಿ ಅಳೀರಿ. ಕಂಬ ಇನ್ನೂ ಅಲ್ಲೇ ನಿಂತೈತಿ. ತೂಕದ ದಾರ ಬಿಟ್ಟು ನೋಡ್ರಿ. ಅದನ್ನ ಫೋಟೋದಾಗಿಂದ ತಗದಾಂವ ನಾನು."

"ನೀವು ಕಂಬವನ್ನು ತೆಗೆದಿರಾ?" ಸಾಹೇಬ ಕನ್ನಡಕ ಸರಿಮಾಡಿಕೊಂಡ.

"ಕಂಬ ತಗದೆ, ಬಿಸಲ ಹಾಕಿದೆ, ಮನಿ ನೆಟ್ಟಗ ಮಾಡಿದೆ. ನನ್ನ ಕೆಲಸ ಅದ ಐತ್ರಿ."

ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸಾಹೇಬ ಮಾತ್ರ ಸ್ಕೇಲ್ ತೆಗೆದು ಆ ಅಂಗೈಯಗಲದ ಚಿತ್ರವನ್ನು ಅಳೆದ, ಮತ್ತೊಮ್ಮೆ ಅಳೆದ. ಕಾಂದಿವಲಿಗೆ ಒಬ್ಬ ಇಂಜಿನಿಯರನನ್ನು ಕಳಿಸಿದ. ಮೂರನೇ ದಿನ ಎಲ್ಲರನ್ನೂ ಕರೆಸಿ ಹುಕುಂ ಓದಿದ: ಕಂಬ ನೆಟ್ಟಗಿದೆ, ಕಟ್ಟಡ ಮೊದಲಿನಿಂದಲೇ ವಾಲಿತ್ತು, ಮಳೆಗೆ ಮುಂಚೆ ಬಿಲ್ಡರ್ ತನ್ನ ಖರ್ಚಿನಲ್ಲಿ ಬುನಾದಿ ಭದ್ರಪಡಿಸಬೇಕು.

ಇಪ್ಪತ್ತನಾಲ್ಕು ಸಂಸಾರ ಉಳಿಸಿದವನನ್ನು ಜನ ಹೊತ್ತು ಮೆರೆಸಬೇಕಿತ್ತಲ್ಲ? ಕಚೇರಿಯ ಮೆಟ್ಟಿಲಿಳಿಯುವಾಗ ಧರ್ಮಣ್ಣ ಮುಖ ತಿರುವಿಕೊಂಡು ಮುಂದೆ ಹೋದ. ಉಳಿದವರೂ ಹೋದರು. ಪುಸ್ತಿಕೆ ನೋಡಿ ಮನೆ ಹಿಡಿದವರೇ ಎಲ್ಲರೂ. ದಾನವ್ವ ಮಾತ್ರ ಕಚೇರಿಯ ಕಲ್ಲುಕಂಬದ ನೆರಳಿನಲ್ಲಿ ನಿಂತು ಅವನಿಗಾಗಿ ಕಾದಳು.

"ಯಣ್ಣಾ, ಆ ಪುಸ್ತಕದಾಗಿನ ಫೋಟೋ ಖರೇನ ನೀವ ಮಾಡಿದ್ರೇನು?"

"ಹೌದು ತಂಗೀ."

"ವಾಲೇತಿ ಅಂತ ನಿಮಗ ಗೊತ್ತಿತ್ತು?"

"ಗೊತ್ತಿರಲಿಲ್ಲ. ನೋಡಿದ್ದೆ. ಗೊತ್ತಿರಲಿಲ್ಲ."

ದಾನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲು ಸುಡುತ್ತಿತ್ತು.

"ನನ್ನ ಗಂಡ ದವಾಖಾನಿಗೆ ಹೋಗುವಾಗ ಆ ಪುಸ್ತಕ ಒಯ್ದಿದ್ದ. ಎರಡ ತಿಂಗಳು ಮಲಗಿದಲ್ಲೇ ನೋಡ್ತಿದ್ದ. ಇದ ನಮ್ಮ ಬಾಗಲಾ, ಇದ ನಮ್ಮ ಖಿಡಕಿ, ಎಷ್ಟ ಬಿಸಲ ಬೀಳತೈತಿ ನೋಡು ಅಂತಿದ್ದ. ಮನಿ ಕೀಲಿ ಕೈಗೆ ಬರೂದರಾಗ ಹೋಗಿಬಿಟ್ಟ."

ಅಣವೀರಪ್ಪನಿಗೆ ತಿದ್ದಲು ಅಲ್ಲೇನೂ ಇರಲಿಲ್ಲ. ಎರಡೂ ಅಂಗೈಗಳನ್ನು ಜೋಡಿಸಿದ.

"ಕೈ ಯಾಕ ಮುಗೀತೀರಿ, ಬಿಡ್ರಿ" ಎಂದಳು ದಾನವ್ವ. "ನಮ್ಮೊಳಗ ನೆಟ್ಟಗಿನ ಮನಿ ಸಿಕ್ಕಿದ್ದು ಅವನೊಬ್ಬನಿಗೇ."

ಹಾಗೆಂದು ಸೆರಗು ತಲೆಗೆಳೆದುಕೊಂಡು ಚರ್ಚ್‌ಗೇಟ್ ಸ್ಟೇಷನ್ನಿನ ಕಡೆ ನಡೆದಳು.