ನಿದ್ದೆಗೆಟ್ಟ ಭತ್ತ

"ಬೀಜದಾಗ ಬೆರಕಿ ಇರಬೇಕು." ಆ ಮಾತು ನನ್ನ ಬಾಯಿಂದಲೇ ಬಂತು, ಬುಕ್ಕಸಾಗರದ ಗದ್ದೆಯ ಬದುವಿನ ಮೇಲೆ, ನಾಲ್ಕು ಜನರೆದುರು. ಗದ್ದೆಯೊಡತಿಯ ಮುಖ ನೋಡಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ಹಳೆಯ ತಳಿಯ ಬಿತ್ತನೆ ಭತ್ತಕ್ಕೆ ಸುತ್ತಲಿನವರೆಲ್ಲ ಬರುತ್ತಿದ್ದುದು ಆಕೆಯ ಬಾಗಿಲಿಗೆ. ಎಂಬತ್ತರ ದಶಕದ ಕೊನೆಯ ಆ ವರ್ಷ ಆಕೆಯ ಗದ್ದೆ ಹೊಡೆ ತುಂಬಿ ನಿಂತಿತ್ತು. ತೆನೆ ಇನ್ನೂ ಗರಿಯೊಳಗೆ ಉಬ್ಬಿಕೊಂಡಿರುವ ಹದ. ಅಕ್ಕಿ ಗಿರಣಿಯ ಗೋಡೆಯ ಪಕ್ಕ ಮಾತ್ರ ಅರ್ಧ ರೊಟ್ಟಿಯ ಆಕಾರದಲ್ಲಿ ಬರೀ ಹಸಿರು ಗರಿ. ಊರು ಬೆರಕೆಯೆಂದು ನಂಬಿದರೆ ಮುಂದಿನ ವರ್ಷ ಬೀಜಕ್ಕೆ ಯಾರೂ ಬರುತ್ತಿರಲಿಲ್ಲ.

ನಾನು ಸಂಶೋಧನಾ ಕೇಂದ್ರದವಳು. ಬಿಸಿಲು, ಹಗಲಿನ ಉದ್ದ ಲೆಕ್ಕ ಹಾಕಿ ಭತ್ತ ಹೂಬಿಡುವ ದಿನ ಹೇಳುವ ಪ್ರೋಗ್ರಾಂ ಬರೆದಿದ್ದೆ. ಅದರ ಪ್ರಕಾರ ಇಡೀ ಗದ್ದೆಗೆ ಒಂದೇ ದಿನ. ಹಾಗಾಗದಿದ್ದರೆ ದೋಷ ಬೀಜದ್ದೇ ಎಂದು ನಂಬಿದ್ದೆ.

ಅಂದು ಸೀಗಿ ಹುಣ್ಣಿಮೆ. ಬಸುರಿ ಪೈರಿಗೆ ಬಯಕೆಯ ಊಟವೆಂದು ಎಲ್ಲರೂ ಗದ್ದೆಗೆ ಚರಗ ಚೆಲ್ಲುತ್ತಿದ್ದರು. ಆಕೆ ಆ ಅರ್ಧ ರೊಟ್ಟಿಗೂ ಒಂದು ಹಿಡಿ ಚೆಲ್ಲಿದಳು.

"ಏನಬೇ ಯಕ್ಕಾ," ಎಂದ ಪಕ್ಕದ ಗದ್ದೆಯವನು, "ಬಸರಿಲ್ಲದಾಕಿಗೂ ಬಯಕಿ ಊಟನಾ?"

"ಉಣ್ಲಿ ಬಿಡಲೇ. ಮಿಲ್ಲಿನ ಹೊಸಾ ಲೈಟು ಬಂದಾಗಿಂದ ಪಾಪ ಅದಕ್ಕ ನಿದ್ದೀನ ಇಲ್ಲ. ನಿದ್ದಿಗೆಟ್ಟಾಕಿಗೆ ಬಸರು ಎಲ್ಲಿಂದ ನಿಲ್ತೈತಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಾಯಲ್ಲಿದ್ದ ಕಡುಬು ಅಲ್ಲೇ ನಿಂತಿತು. ಗಿರಣಿಯ ದೀಪದ ಕಂಬದಿಂದ ಅರ್ಧ ರೊಟ್ಟಿಯ ಅಂಚಿನವರೆಗೆ ಹೆಜ್ಜೆ ಹಾಕಿದೆ. ಎಡಕ್ಕೆ ಹದಿನಾಲ್ಕು, ಬಲಕ್ಕೆ ಹದಿನಾಲ್ಕು, ಎದುರಿಗೂ ಹದಿನಾಲ್ಕು.

ಮರುದಿನ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಓಡಿದೆ. ಹಳೆಯ ತಳಿ ತೆನೆ ಕಟ್ಟಲು ಉದ್ದನೆಯ ಕತ್ತಲೆ ರಾತ್ರಿಗಳು ಬೇಕು. ಸೂರ್ಯ ಮುಳುಗಿದ ಮೇಲೆ ಕತ್ತಲೆ ಎಂದು ನಾನೇ ಬರೆದಿದ್ದೆ. ಆ ಸಾಲು ಅಳಿಸಿ, ಇಡೀ ರಾತ್ರಿ ಬೆಳಕು ಎಂದು ತಿದ್ದಿದೆ. ಹೂಬಿಡುವ ದಿನ ಬರಬೇಕಾದಲ್ಲಿ ೯೯೯ ಬಂತು. ಹೂವೇ ಬಿಡದಿದ್ದರೆ ಬರಲೆಂದು ನಾನೇ ಇಟ್ಟ ಅಂಕಿ ಅದು. ಅದನ್ನು ನೋಡಿ ಬರಿಗಾಲಲ್ಲಿ ಕುಣಿದೆ. ಚಹಾ ತಂದವನು ಬಾಗಿಲಲ್ಲೇ ನಿಂತುಬಿಟ್ಟ. ನಾಳೆಯಿಂದ ಕತ್ತಲೆ ಕೊಟ್ಟರೆ? ಮೂವತ್ತಾರನೆಯ ದಿನ ಹೂವು, ಎಂದಿತು ಯಂತ್ರ.

ನಾನು ಕೇಳಿದ್ದಕ್ಕೆ ಗಿರಣಿಯವರು ಮರುದಿನವೇ ಎಣ್ಣೆ ಡಬ್ಬಿ ಕತ್ತರಿಸಿ ದೀಪಕ್ಕೆ ಗದ್ದೆಯ ಕಡೆ ಮರೆ ಕಟ್ಟಿಸಿದರು. "ಇನ್ನ ಭತ್ತಕ್ಕ ಜೋಗುಳ ಹಾಡೂದೊಂದು ಬಾಕಿ ನೋಡ್ರಿ ಮೇಡಂ!" ಎಂದು ನಕ್ಕರು.

ಉಳಿದ ಗದ್ದೆ ಕೊಯ್ಲಿಗೆ ಬಂತು. ಅರ್ಧ ರೊಟ್ಟಿ ಹಸಿರಾಗಿಯೇ ಇತ್ತು. ಮೂವತ್ತಾರನೆಯ ದಿನ ಹೋದೆ. ಹೊಡೆ ಉಬ್ಬಿತ್ತು, ತೆನೆಯಿಲ್ಲ. ಮೂವತ್ತೇಳು, ಇಲ್ಲ. ಮೂವತ್ತೆಂಟನೆಯ ದಿನ ನಾನು ಬಸ್ಸಿಳಿಯುವ ಮೊದಲೇ ರಸ್ತೆಗೆ ಬಂದಿದ್ದ ಆಕೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ತೆನೆ ಹೊರಬಿದ್ದಿದ್ದವು, ಮೈತುಂಬ ಸಣ್ಣ ಬಿಳಿ ಹೂವು. ಎಣಿಸಲು ಹೋಗಿ ಮೂರು ಸಲ ತಪ್ಪಿದೆ. ಎಣಿಸುವಾಗ ನಗಬಾರದು.

ಬದುವಿನ ಮೇಲೆ ಅದೇ ನಾಲ್ವರನ್ನು ಆಕೆ ನಿಲ್ಲಿಸಿಕೊಂಡಿದ್ದಳು. "ಈಗ ಹೇಳು ತಂಗಿ, ಅವತ್ತು ಹೇಳಿದ ಬಾಯಿಲೇ."

"ಬೆರಕಿ ಅಲ್ಲ. ಬೀಜ ಶುದ್ಧ ಐತಿ. ತಪ್ಪು ನಂದು."

ಪಕ್ಕದ ಗದ್ದೆಯವನು ತಲೆ ಕೆರೆದುಕೊಂಡ. "ಹಂಗಾರ ನಮಗೂ ಒಂದು ಚೀಲ ತೆಗೆದಿಡಬೇ ಯಕ್ಕಾ."

"ಇಡ್ತೀನಿ. ರಾತ್ರಿ ಜಲ್ದಿ ಲೈಟು ಆರಿಸಿ ಭತ್ತಾನ ಮಲಗಿಸು ಮತ್ತ."